ಪಂಜದ ಬಿಳಿ ಕಾರು

ಪುತ್ತೂರಿನಲ್ಲಿ ಕಾರುಗಳ ವಯರಿಂಗ್ ಮಾಡಿಯೇ ನನ್ನ ತಲೆ ನೆರೆತದ್ದು. ಮೊದಲೆಲ್ಲ ಹಾರ್ನು, ಲೈಟು, ಬ್ಯಾಟರಿ ನೋಡಿದರೆ ಸಾಕಿತ್ತು. ಈಗ ಕಾರಿನೊಳಗೆ ಎಂಜಿನಿಗೊಂದು, ಬ್ರೇಕಿಗೊಂದು, ಬಾಗಿಲಿಗೊಂದು ಎಂದು ಸಣ್ಣ ಸಣ್ಣ ಕಂಪ್ಯೂಟರುಗಳು. ಎಲ್ಲವೂ ಒಂದು ಜೋಡಿ ವಯರಿನಲ್ಲಿ ತಮ್ಮತಮ್ಮೊಳಗೆ ಮಾತಾಡಿಕೊಳ್ಳುತ್ತವೆ. ‘ಲಾಕ್ ಆಗು’ ಎಂಬ ಮಾತು ಆ ವಯರಿನಲ್ಲಿ ಬಂದರೆ ಬಾಗಿಲು ಲಾಕ್ ಆಗುತ್ತದೆ. ಹೇಳಿದ್ದು ಯಾರು ಎಂದು ಅದು ಕೇಳುವುದಿಲ್ಲ.

ಸ್ಟೇರಿಂಗಿನ ಕೆಳಗೆ ಮೆಕ್ಯಾನಿಕ್‌ಗಳು ಸ್ಕ್ಯಾನರ್ ಚುಚ್ಚುವ ಸಾಕೆಟ್ ಇರುತ್ತದೆ. ಅದಕ್ಕೆ ನಾನು ಬೆಂಕಿಪೊಟ್ಟಣದಷ್ಟಿನ ಒಂದು ಪೆಟ್ಟಿಗೆ ಸಿಕ್ಕಿಸಿ ಕೊಡುತ್ತಿದ್ದೆ. ಅದರೊಳಗೆ ಸಿಮ್ ಇರುತ್ತದೆ. ಕಾರು ಕಳವಾದರೆ ಎಲ್ಲಿ ಕೂತಾದರೂ ಮೊಬೈಲಿನಲ್ಲಿ ಒಮ್ಮೆ ಒತ್ತಿದರೆ ಎಂಜಿನ್ ನಿಂತು, ಬಾಗಿಲೂ ಲಾಕ್ ಆಗುತ್ತದೆ. ಆಮೇಲೆ ಕೈಯಲ್ಲಿರುವ ರಿಮೋಟ್ ಕೀಗೂ ಅದು ಜಗ್ಗುವುದಿಲ್ಲ. ಗಲ್ಫಿನಲ್ಲಿರುವವರಿಗೆ ಇದೆಂದರೆ ಜೀವ.

ಆದರೆ ಪಾಸ್‌ವರ್ಡ್ ಒಬ್ಬರಿಗೂ ನೆನಪಿರುವುದಿಲ್ಲ. ಅನ್ನಕ್ಕೆ ಕೈ ಹಾಕಿದ ಹೊತ್ತಿಗೇ ಫೋನ್ ಮಾಡಿ ಕೇಳುತ್ತಾರೆ. ನನಗೆ ಮೊದಲೇ ಮೂಗಿನ ತುದಿಯಲ್ಲಿ ಸಿಟ್ಟು. ಒಂದು ದಿನ ರೇಗಿ ಎಲ್ಲ ಕಾರಿಗೂ ಒಂದೇ ಪಾಸ್‌ವರ್ಡ್ ಇಟ್ಟು, ಎಲ್ಲವನ್ನೂ ನನ್ನ ಮೊಬೈಲಿಗೆ ಸೇರಿಸಿಕೊಂಡೆ. ನಮ್ಮಲ್ಲಿ ಗಿರಾಕಿಗೆ ಊರೇ ಹೆಸರು. ಹಾಗಾಗಿ ರಾಮಕುಂಜ ಕೆಂಪು, ಬೆಟ್ಟಂಪಾಡಿ ಬೂದು, ಪಂಜ ಬಿಳಿ ಎಂದು ಬರೆದಿಟ್ಟೆ. ಪಂಜದಿಂದ ಇನ್ನೊಂದು ಬಿಳಿ ಕಾರು ಬಂದ ದಿನವೂ ಹಾಗೆಯೇ ಬರೆದೆ. ತಲೆ ಎಲ್ಲಿತ್ತೋ.

ಆ ಎರಡನೆಯ ಕಾರಿನ ಯಜಮಾನರಿಗೆ ಅಂಗಡಿಯೆದುರು ತೋರಿಸಲು ಹೊರಟೆ. “ನೋಡಿ ಮಾರಾಯ್ರೆ, ಈಗ ಲಾಕ್ ಆಗ್ತದೆ,” ಎಂದು ಒತ್ತಿದೆ. ಕಾರು ಮಿಸುಕಲಿಲ್ಲ. ಮತ್ತೆ ಒತ್ತಿದೆ. ಮೂರನೆಯ ಸಲವೂ ಆಗದಾಗ, “ನೆಟ್‌ವರ್ಕ್ ಇಲ್ಲ, ಎಂತ ಮಾಡುದು,” ಎಂದು ಕಂಪನಿಯವರಿಗೆ ನಾಲ್ಕು ಬೈದು ಚಹಾ ತರಿಸಿದೆ.

ಚಹಾ ಕುಡಿದು ಲೋಟ ಇಡುವಾಗ ಫೋನ್ ಬಂತು. ಪಂಜದ ಮೊದಲನೆಯ ಬಿಳಿ ಕಾರಿನ ಮನೆಯ ಸೊಸೆ, ಕಡಬದಿಂದ. ಗಂಡ ಗಲ್ಫಿನಲ್ಲಿ, ಕಾರು ಓಡಿಸುವವಳು ಅವಳೇ. ಹಿಂದಿನ ಸೀಟಿನಲ್ಲಿ ಕೂತ ಅತ್ತೆಗೆ ಸೆಖೆಯಾಗಬಾರದೆಂದು ಎಸಿ ಹಾಕಿಯೇ ಬಿಟ್ಟು, ಕೀ ಹಿಡಿದುಕೊಂಡು ಮದ್ದಿನಂಗಡಿಗೆ ಹೋಗಿದ್ದಳಂತೆ. ಗುಂಡಿ ಒತ್ತಿ ಸ್ಟಾರ್ಟ್ ಮಾಡುವ ಕಾರು, ಕೀ ಹೊರಗೆ ಒಯ್ದರೂ ಎಂಜಿನ್ ಓಡುತ್ತಿರುತ್ತದೆ. ಬಂದು ನೋಡಿದರೆ ಎಂಜಿನ್ ನಿಂತಿದೆ, ಬಾಗಿಲು ಲಾಕ್.

“ಕೀ ಒತ್ತಿದ್ರೆ ತೆಗೀಲಿಕ್ಕೆ ಆಗುದಿಲ್ಲ! ಉಮ್ಮ ಒಳಗಿದ್ದಾರೆ! ಇವರಿಗೆ ಫೋನ್ ಮಾಡಿದ್ರೆ ಡ್ಯೂಟಿಯಲ್ಲಿ, ತೆಗೀತಾ ಇಲ್ಲ!” ಎಂದು ಅಳುತ್ತಿದ್ದಳು. ಉಮ್ಮ ಎಂದರೆ ಅಮ್ಮ, ಅತ್ತೆಯನ್ನು ಅವಳು ಹಾಗೆ ಕರೆಯುವುದು.

ಹಿಂದಿನ ಬಾಗಿಲುಗಳಿಗೆ ಮಕ್ಕಳ ಲಾಕ್ ಹಾಕಿತ್ತು, ಒಳಗಿನಿಂದ ತೆರೆಯುವುದಿಲ್ಲ, ಎಂಜಿನ್ ನಿಂತ ಮೇಲೆ ಗಾಜೂ ಇಳಿಯುವುದಿಲ್ಲ. ಮುದುಕಿಗೆ ಗಂಟುನೋವು, ಸೀಟು ದಾಟಿ ಮುಂದೆ ಬರಲಾಗದು. ನಾನು ಮೊಬೈಲ್ ತೆಗೆದೆ. ಪಂಜ ಬಿಳಿ ಎಂಬ ಎರಡು ಸಾಲುಗಳಲ್ಲಿ ಮೇಲಿನದಕ್ಕೆ ಕೆಂಪು ಬೀಗದ ಗುರುತು. ನಾನೇ ಹಾಕಿದ್ದು, ಕಾಲು ಗಂಟೆಯ ಹಿಂದೆ. ಬೀಗ ತೆಗೆಯಲು ಒತ್ತಿದೆ. ಫೋನಿನಲ್ಲಿ ಬಾಗಿಲು ತೆರೆದ ಸದ್ದು, ಜನರ ಗಲಾಟೆ, ಯಾರೋ ನೀರು ಎಂದು ಕೂಗಿದ್ದು ಕೇಳಿಸಿತು. ಉಮ್ಮ ಬದುಕಿದ್ದರು.

ರಾತ್ರಿಯಾಗುವ ಮೊದಲೇ ಅವರ ಮಗ ಗಲ್ಫಿನಿಂದ ಮಾತಾಡಿದ. “ನೀವು ಇದ್ದದ್ದಕ್ಕೆ ಬಚಾವ್. ಯಾರಾದ್ರು ಹ್ಯಾಕ್ ಮಾಡಿದ್ದಾ?” ಎಂದ.

“ಇರ್ಬಹುದು,” ಎಂದೆ. ಬಾಯಿಗೆ ಬಂದ ಆ ಒಂದು ಮಾತಿನೊಳಗೆ ನಾನು ಸಿಕ್ಕಿಬಿದ್ದೆ.

ಸುದ್ದಿ ಸುಳ್ಯದವರೆಗೂ ಹೋಯಿತು. ಹ್ಯಾಕರ್‌ನ ಕೈಯಿಂದ ಮುದುಕಿಯನ್ನು ಬಿಡಿಸಿದವ ನಾನು! ಜನ ತಮ್ಮ ಕಾರುಗಳನ್ನು ತಂದು, ಭದ್ರ ಮಾಡಿಕೊಡಿ ಎಂದರು. ಬೇಲಿಯೇ ಎದ್ದು ಹೊಲ ಮೇಯ್ದಿತ್ತು, ಬೇಲಿಗೇ ಸನ್ಮಾನ. ಅಂಗಡಿಯ ಬಾಗಿಲು ಮುಚ್ಚಿಕೊಂಡು ಒಂದೊಂದು ಕಾರಿನ ಪಾಸ್‌ವರ್ಡನ್ನೂ ಬೇರೆ ಮಾಡಿ, ಅವರವರಿಗೆ ತಿಳಿಸಿ, ನನ್ನ ಮೊಬೈಲಿನಿಂದ ಎಲ್ಲವನ್ನೂ ಅಳಿಸಿದೆ. ಆದರೂ ಉಸಿರು ಬಿಡಲಾಗಲಿಲ್ಲ. ಹೇಳಿದರೆ ಅಂಗಡಿ ಮುಚ್ಚಬೇಕು, ಹೇಳದಿದ್ದರೆ ಊಟ ಸೇರುವುದಿಲ್ಲ. ಹೆಂಡತಿಗೂ ಹೇಳಲಿಲ್ಲ.

ಆಮೇಲೆ ಒಂದು ದಿನ ಸೊಸೆಯೇ ಫೋನ್ ಮಾಡಿದಳು. ಗಂಟುನೋವಿನ ಚಿಕಿತ್ಸೆಗೆ ಉಮ್ಮ ಪುತ್ತೂರಿಗೆ ಬರಬೇಕು, ಕಾರಿನ ಹತ್ತಿರವೂ ಹೋಗುತ್ತಿಲ್ಲ. ಬಸ್ಸು ಹತ್ತಲು ಕಾಲು ಬಾರದು. “ನೀವು ಹೇಳಿದ್ರೆ ಕೇಳ್ತಾರೆ,” ಎಂದಳು.

ಹೋದೆ. ಉಮ್ಮ ಮನೆಯೆದುರಿನ ಸಿಟೌಟಿನಲ್ಲಿ ಕಾಲು ಚಾಚಿ ಕೂತಿದ್ದರು. ಮೊಣಕಾಲು ಊದಿಕೊಂಡಿತ್ತು.

“ಆ ಹ್ಯಾಕರ್ ನನ್ನನ್ನೇ ಯಾಕೆ ಹಿಡಿದದ್ದು, ಮಗಾ?” ಎಂದು ಕೇಳಿದರು. “ನಾನು ಯಾರಿಗೆ ಎಂತ ದ್ರೋಹ ಮಾಡಿದ್ದೇನೆ? ಮಲಗಿದ್ರೆ ಅದೇ ಯೋಚನೆ.”

ಸಮಾಧಾನದ ಸುಳ್ಳೊಂದನ್ನು ದಾರಿಯುದ್ದಕ್ಕೂ ಕಟ್ಟಿಕೊಂಡು ಬಂದಿದ್ದೆ. ಅದನ್ನು ಬದಿಗಿಟ್ಟೆ.

“ಹ್ಯಾಕರ್ ಇಲ್ಲ ಉಮ್ಮ. ಒತ್ತಿದ್ದು ನಾನು. ಬೇರೆ ಕಾರು ಅಂತ ಗ್ರಹಿಸಿ ಒತ್ತಿದೆ. ಮೂರು ಸಲ.”

ಸೊಸೆ ಬಾಗಿಲಲ್ಲೇ ನಿಂತುಬಿಟ್ಟಳು. ಉಮ್ಮ ನನ್ನ ಮುಖ ನೋಡಿ ಕೇಳಿದರು, “ಮತ್ತೆ ಇಷ್ಟು ದಿನ?”

“ಹೆದರಿದೆ.”

ಅವರು ಕೋಲು ಊರಿ ಎದ್ದು, ಅಂಗಳದ ಬಿಸಿಲಲ್ಲಿ ನಿಂತಿದ್ದ ಕಾರಿನ ಹತ್ತಿರ ಹೋದರು. “ಹಿಂದೆ ಕೂತುಕೋ,” ಎಂದರು. ಕೂತೆ. ಸೊಸೆಯಿಂದ ಬಾಗಿಲು ಹಾಕಿಸಿದರು, ಲಾಕ್ ಮಾಡಿಸಿದರು.

ಹಿಡಿ ಎಳೆದರೆ ಸುಮ್ಮನೆ ಕೈಗೆ ಬರುತ್ತಿತ್ತು, ಬಾಗಿಲು ಮಾತ್ರ ತೆರೆಯಲಿಲ್ಲ. ಅಂಗಿ ಬೆನ್ನಿಗೆ ಅಂಟಿತು. ಮುಂದಿನ ಸೀಟು ದಾಟಿ ಹೋಗಬಹುದಿತ್ತು, ಹೋಗಲಿಲ್ಲ. ಆಗ ಕಂಡದ್ದು ಕಿಟಕಿಯ ಗಾಜು. ಆ ದಿನದ ನಂತರ ಯಾರೂ ಒರೆಸಿರಲಿಲ್ಲ. ಒಳಬದಿಯಲ್ಲಿ ಅಂಗೈ ಗುರುತುಗಳು, ಸಣ್ಣವು, ಒಂದರ ಮೇಲೊಂದು. ಬಡಿದು ಬಡಿದು, ಕೆಳಗೆ ಬರುತ್ತಾ ಬರುತ್ತಾ ಬರೀ ಬೆರಳ ತುದಿಗಳು. ನಾನು ಪುತ್ತೂರಿನಲ್ಲಿ ಚಹಾ ಕುಡಿದ ಹೊತ್ತು ಅದು. ಕೂತಲ್ಲೇ ಅತ್ತುಬಿಟ್ಟೆ.

ಬಾಗಿಲು ತೆರೆಯಿತು. ಉಮ್ಮ ಕೇಳಿದರು, “ಎಷ್ಟು ಹೊತ್ತಾಯ್ತು ಹೇಳು.”

“ಕಾಲು ಗಂಟೆ.”

“ನಾಲ್ಕು ನಿಮಿಷ. ಕಾಲು ಗಂಟೆ ಕೂರಿಸ್ಬೇಕು ಅಂತಲೇ ಇದ್ದೆ. ನಿನಗೆ ಒಳಗೆ ಎಂತಾದ್ರು ಆದ್ರೆ ಅಂತ ಹೆದರಿಕೆ ಆಯ್ತು.”

ನಾನು ಸ್ಟೇರಿಂಗಿನ ಕೆಳಗೆ ಕೈ ಹಾಕಿ ಪೆಟ್ಟಿಗೆಯನ್ನು ಕಿತ್ತು ಅವರ ಕೈಗೆ ಕೊಟ್ಟೆ. ಅದನ್ನು ಸೊಸೆಗೆ ದಾಟಿಸಿ, ಅವರು ಪುತ್ತೂರಿಗೆ ಹೊರಡಲು ಮುಂದಿನ ಸೀಟಿನಲ್ಲಿ ಕೂತು, ಸೊಸೆ ಎಂಜಿನ್ ಹಾಕಿದ ಕೂಡಲೇ ತಾವೇ ಗಾಜು ಇಳಿಸಿಕೊಂಡರು.