ಟೇಪ್ ಹಚ್ಚಿದ ನಾಬ್

ಡಿಟೆಕ್ಟರ್ ಅಕ್ಕ ಕಬ್ಬಿಣ ಹುಡುಕೋದಿಲ್ಲ. ದಪ್ಪ ಉಂಗುರ ಕಳೆದಿದೆಯಾ, ಬೆಳ್ಳಿ ಬಳೆ ಹುಲ್ಲಲ್ಲಿ ಬಿದ್ದಿದೆಯಾ, ಕರೆಯಿರಿ, ಬರುತ್ತಾಳೆ. ಆದರೆ ಸೈಟಿನ ಮೂಲೆಯಲ್ಲಿ ಹೂತುಹೋದ ಗಡಿ ಕಂಬಿ ಹುಡುಕಿಕೊಡಿ ಅಂತ ಯಾರಾದರೂ ಫೋನ್ ಮಾಡಿದರೆ "ಆಗಲ್ಲ" ಅನ್ನೋದು ಒಂದೇ ಮಾತು, ಫೋನ್ ಕಟ್. ಮೆಟಲ್ ಡಿಟೆಕ್ಟರ್ ಇಟ್ಟುಕೊಂಡು ಕಬ್ಬಿಣ ಆಗಲ್ಲ ಅಂದರೆ ಏನ್ರೀ ಅರ್ಥ! ಕಟಿಂಗ್ ಶಾಪ್ ತೆಗೆದು ಗಡ್ಡ ಮುಟ್ಟಲ್ಲ ಅಂದ ಹಾಗಾಯಿತು. ಜನ ನಕ್ಕರು, ಗೊಣಗಿದರು, ಕೊನೆಗೆ ಸುಮ್ಮನಾದರು. ಯಾಕೆ ಅಂತ ಅವಳು ಯಾರಿಗೂ ಹೇಳಲಿಲ್ಲ.

ಮಷಿನ್ ಅವಳ ಗಂಡನದು. ಅವನು ಪ್ಲಂಬರ್. ಮಣ್ಣೊಳಗಿನ ಪೈಪು ಪತ್ತೆ ಮಾಡೋಕೆ ಅಂತ ತಂದ ಮಷಿನ್, ಆಮೇಲೆ ಊರವರ ಕಳೆದುಹೋದ ಸಾಮಾನನ್ನೆಲ್ಲ ಹುಡುಕೋ ಹುಚ್ಚು ಹಿಡಿಸಿತು. ಉದ್ದ ಕೋಲು, ತುದಿಗೆ ಊಟದ ತಟ್ಟೆಯಷ್ಟಗಲದ ಕಪ್ಪು ಚಕ್ರ, ಹಿಡಿಯ ಹತ್ತಿರ ಮೂರು ನಾಬು. ಒಂದು ಶಬ್ದದ್ದು. ಇನ್ನೊಂದು ಮಣ್ಣಿನದು, ಮಣ್ಣಲ್ಲೂ ಕಬ್ಬಿಣದ ಅಂಶ ಇರುತ್ತಲ್ಲ, ಅದಕ್ಕೇ ಮಷಿನ್ ಸುಮ್ಮಸುಮ್ಮನೆ ಕಿರುಚಬಾರದು ಅಂತ. ಮೂರನೆಯದಕ್ಕೆ ಅವನೇ ಇಟ್ಟ ಹೆಸರು 'ಬೇಡದ್ದು'. ಅದನ್ನು ಬಲಕ್ಕೆ ತಿರುಗಿಸುತ್ತ ಹೋದರೆ ಮೊಳೆ, ಸೋಡಾ ಮುಚ್ಚಳ, ತಗಡು, ಹೀಗೆ ಒಂದೊಂದಕ್ಕೇ ಮಷಿನ್ ಕಿವುಡಾಗುತ್ತ ಹೋಗುತ್ತದೆ. ಪೂರ್ತಿ ಎಡಕ್ಕೆ ತಂದರೆ ಗುಂಡುಸೂಜಿಗೂ ಬಾಯಿ ಬಡಿದುಕೊಳ್ಳುತ್ತದೆ.

"ಇದಕ್ಕೆ ತಲೆ ಇಲ್ಲ ಕಣೆ, ಕಿವಿ ಮಾತ್ರ ಇರೋದು," ಅನ್ನುತ್ತಿದ್ದ ಅವನು. "ಹೊಸ ಜಾಗಕ್ಕೆ ಹೋದಾಗೆಲ್ಲ ಹೊಸದಾಗಿ ಕಿವಿ ಹಿಂಡಬೇಕು. ನಿನ್ನೆ ಸೆಟ್ಟಿಂಗ್ ಇವತ್ತಿಗೆ ನಡೆಯಲ್ಲ."

ಅಂಥವನು ಒಂದು ದಿನ ಯಾರದೋ ಮನೆಯ ನಲ್ಲಿ ರಿಪೇರಿ ಮಾಡುತ್ತ ಕೂತವನು ಕೂತಲ್ಲೇ ಹೋಗಿಬಿಟ್ಟ. ಕೆಲವು ವಾರ ಕಳೆದ ಮೇಲೆ ಅವಳು ಮೂಲೆಯಲ್ಲಿದ್ದ ಮಷಿನ್ ಎತ್ತಿಕೊಂಡು ನೋಡಿದಳು. 'ಬೇಡದ್ದು' ನಾಬು ಬಲಗಡೆ ಹೆಚ್ಚುಕಡಿಮೆ ಕೊನೆಯವರೆಗೆ ತಿರುಗಿ ನಿಂತಿತ್ತು. ಅವನ ಬೆರಳು ಕೊನೆಯದಾಗಿ ಬಿಟ್ಟ ಜಾಗ. ಅಷ್ಟು ದೂರ ಯಾಕೆ ತಿರುಗಿಸಿದ್ದನೋ, ಆ ಕೊನೆಯ ಸಲ ಏನು ಹುಡುಕುತ್ತಿದ್ದನೋ! ಶಬ್ದದ ನಾಬ್ ಒಂದನ್ನು ಬಿಟ್ಟು ಉಳಿದೆರಡರ ಮೇಲೆ ಸೆಲ್ಲೋಟೇಪ್ ಹಚ್ಚಿದಳು. ಅವತ್ತಿನಿಂದ ಯಾವ ನೆಲಕ್ಕೆ ಹೋದರೂ ಅದೇ ಸೆಟ್ಟಿಂಗ್. ಕೆಂಪು ಮಣ್ಣಲ್ಲಿ ಮಷಿನ್ ತಲೆ ಚಿಟ್ಟುಹಿಡಿಯೋ ಹಾಗೆ ಕಿರುಚುತ್ತಿತ್ತು, ಸಹಿಸಿಕೊಂಡಳು. ತೆಳ್ಳನೆ ಓಲೆಗಳು ಸಿಗದೆ ಜನ ಬೈದರು, ಬೈಸಿಕೊಂಡಳು.

ಅತ್ತಿದ್ದಂತೂ ಇಲ್ಲ. ಗಟ್ಟಿಗಿತ್ತಿ ಅಂದರು ನೆಂಟರು. ಗಟ್ಟಿಗಿತ್ತಿಯೂ ಅಲ್ಲ, ಮಣ್ಣೂ ಅಲ್ಲ. ಒಳಗೆ ಏನೂ ಆಗುತ್ತಿರಲಿಲ್ಲ, ಅಷ್ಟೇ. ಬೆಳಗ್ಗೆ ಏಳುವಳು, ಅನ್ನಕ್ಕಿಡುವಳು, ಬಟ್ಟೆ ಒಗೆಯುವಳು, ಯಾರಾದರೂ ಕರೆದರೆ ಮಷಿನ್ ಹೆಗಲಿಗೇರಿಸುವಳು.

ಮನೆಯಲ್ಲಿ ಈಗ ಉಳಿದವರು ಅವಳು ಮತ್ತು ಮಾವ. ಮಾವ ಬಸ್ ಓಡಿಸಿ ರಿಟೈರ್ ಆದವರು. ಇಂಜಿನ್ ಪಕ್ಕ ಕೂತೂ ಕೂತೂ ಎಡಗಿವಿ ಪೂರ್ತಿ ಹೋಗಿತ್ತು. ಬಲಗಿವಿಗೆ ಮಗನೇ ಕರೆದುಕೊಂಡು ಹೋಗಿ ಹಾಕಿಸಿದ ಕಿವಿ ಮಷಿನ್. ಸುತ್ತ ಏನಾದರೂ ಗಲಾಟೆಯಾದರೆ ಕಿವಿ ಹಿಂದೆ ಬೆರಳು ಹಾಕಿ ಸೌಂಡ್ ಕಮ್ಮಿ ಮಾಡಿಬಿಡೋದು ಅವರ ಅಭ್ಯಾಸ. ಮಗನ ಹೆಣದ ಮುಂದೆ ನೆಂಟರೆಲ್ಲ ಬೊಬ್ಬೆ ಹಾಕುವಾಗಲೂ ಹಾಗೇ ಮಾಡಿ ಗೋಡೆ ನೋಡುತ್ತ ಕೂತಿದ್ದರು. ಸೊಸೆ ಮಾತಾಡುತ್ತಿರಲಿಲ್ಲ, ಮಾವ ಕೇಳುತ್ತಿರಲಿಲ್ಲ. ಸಂಸಾರ ಸಲೀಸಾಗಿ ನಡೆಯುತ್ತಿತ್ತು.

ಅಂಥ ಕಿವಿ ಮಷಿನ್ ಬಿದ್ದುಹೋಯಿತು. ಬೀದಿ ಕೊನೆಯ ಖಾಲಿ ಮೈದಾನದಲ್ಲಿ ವಾಕಿಂಗ್ ಮಾಡುತ್ತ ತಲೆಗೆ ಸುತ್ತಿದ್ದ ಮಫ್ಲರ್ ಎಳೆದಿದ್ದಾರೆ, ಅದರ ಜೊತೆ ಇದೂ ಹೋಗಿದೆ. ಕಿವಿಗೆ ಅಚ್ಚು ತೆಗೆದು ಹೊಸದು ಮಾಡಿಸಬೇಕು ಅಂದರೆ ತಿಂಗಳುಗಟ್ಟಲೆ ಕಾಯಬೇಕು. ಮನೆಗೆ ವಾಪಸ್ ಬರುವಾಗ ರಸ್ತೆ ದಾಟುತ್ತಿದ್ದ ಮಾವನ ಹಿಂದೆ ಒಂದು ವ್ಯಾನು ಹಾರ್ನ್ ಹೊಡೆದೂ ಹೊಡೆದೂ ಕೊನೆಗೆ ಬ್ರೇಕ್ ಹಾಕಿ ಅಡ್ಡಡ್ಡ ನಿಂತಿತು. ಬಾಗಿಲಲ್ಲಿ ನಿಂತ ಅವಳು ನೋಡಿದಳು. ಮಾವ ತಿರುಗಿ ಕೂಡ ನೋಡಲಿಲ್ಲ. ಮರುದಿನ ಸಂಜೆಗೆ ಮೈದಾನ ಸಮ ಮಾಡೋಕೆ ಜೆಸಿಬಿ ಬರುತ್ತದೆ ಅಂತ ಬೇಲಿಗೆ ಬೋರ್ಡು ಬೇರೆ ಹಾಕಿದ್ದರು.

ಬೆಳಗ್ಗೆಯೇ ಇಬ್ಬರೂ ಹೋದರು. ಅವಳು ಬಳೆ, ವಾಚು, ಫೋನು ಎಲ್ಲ ಬಿಚ್ಚಿ ಬೇಲಿ ಹತ್ತಿರ ಇಟ್ಟಳು. ಮೈಮೇಲೆ ಲೋಹ ಇದ್ದರೆ ಮಷಿನ್ ಅದನ್ನೇ ಕೂಗುತ್ತ ಕೂರುತ್ತದೆ. ಮಾವ ನಡೆಯುವ ದಾರಿಯುದ್ದಕ್ಕೂ ದಾರ ಕಟ್ಟಿ ಪಟ್ಟಿ ಪಟ್ಟಿ ಮಾಡಿಕೊಂಡಳು. ಚಕ್ರವನ್ನು ನೆಲಕ್ಕೆ ಸಮನಾಗಿ, ಹುಲ್ಲು ಸವರುವಷ್ಟು ಕೆಳಗೆ ಹಿಡಿದು ನಿಧಾನ ಬೀಸಿದಳು, ಒಂದು ಬೀಸಿನ ಅರ್ಧದ ಮೇಲೆ ಇನ್ನೊಂದು ಬರುವ ಹಾಗೆ. ಎಲ್ಲ ಗಂಡ ಕಲಿಸಿದ್ದು, ಅಚ್ಚುಕಟ್ಟು. ಟೇಪ್ ಮಾತ್ರ ಹಾಗೇ ಇತ್ತು.

ಅವಳಿಗೆ ಗೊತ್ತಿರಲಿಲ್ಲವಾ? ಚೆನ್ನಾಗಿ ಗೊತ್ತಿತ್ತು. ಆ ಕಿವಿ ಮಷಿನ್ ಅಂದರೆ ಬರೀ ಪ್ಲಾಸ್ಟಿಕ್ಕು, ಲೋಹ ಅಂತ ಇರೋದು ಉದ್ದಿನ ಕಾಳಿಗಿಂತ ಸ್ವಲ್ಪ ದೊಡ್ಡ ಸೆಲ್ಲು. ಅದರ ಮೈ ಉಕ್ಕಿನದು. ಟೇಪಿನ ಕೆಳಗೆ ಕಿವುಡಾಗಿ ಕೂತ ಮಷಿನ್ ಅದನ್ನೆಲ್ಲಿ ಕೇಳುತ್ತೆ! ಆದರೂ ಕೂಗಿದರೂ ಕೂಗೀತು ಅಂದುಕೊಂಡು ಬೀಸಿದಳು. ಬಿಸಿಲು ನೆತ್ತಿಗೆ ಬಂತು.

ಮಾವ ನೋಡಿ ನೋಡಿ ಹತ್ತಿರ ಬಂದರು. ಜೇಬಿಂದ ಹೊಸ ಸೆಲ್ಲೊಂದನ್ನು ತೆಗೆದು ಅವಳ ಮುಂದೆ ಹುಲ್ಲಿನ ಮೇಲಿಟ್ಟರು.

"ಮೊದಲು ಇದನ್ನ ತೋರಿಸಮ್ಮಾ!" ಇಡೀ ಬೀದಿಯೇ ಕಿವುಡು ಅನ್ನೋ ಹಾಗೆ ಕೂಗಿದರು. "ನಮ್ಮ ಹುಡುಗ ಹಂಗೇ ಮಾಡ್ತಿದ್ದ. ಹುಡುಕೋ ಮುಂಚೆ ಅಂಥದ್ದೇ ಒಂದನ್ನ ಮಷಿನ್‌ಗೆ ತೋರಿಸ್ತಿದ್ದ!"

ಅವಳು ಸೆಲ್ಲಿನ ಮೇಲೆ ಚಕ್ರ ಆಡಿಸಿದಳು. ಕಿವಿಗೆ ಸಿಕ್ಕಿಸಿಕೊಂಡಿದ್ದ ಹೆಡ್‌ಫೋನಲ್ಲಿ ಒಂದೂ ಸದ್ದಿಲ್ಲ.

"ಕೂಗ್ತಾ?"

ಮಾವ ಅವಳ ಮುಖವನ್ನೇ ನೋಡುತ್ತಿದ್ದರು. ಅವಳು ಹೌದು ಅಂತ ತಲೆಯಾಡಿಸಿದಳು.

"ಹಂಗಾದ್ರೆ ಸಿಗುತ್ತೆ ಬಿಡು!" ಅಂದು ಮಾವ ನಿರಾಳವಾಗಿ ಹೋಗಿ ಕಲ್ಲಿನ ಮೇಲೆ ಕೂತರು.

ಅಯ್ಯೋ, ಎಂಥ ಕೆಲಸ ಮಾಡಿದಳು! ಕಿವಿ ಕೇಳದ ಮನುಷ್ಯನಿಗೆ, ಅದೂ ಕಿವಿಯ ವಿಷಯದಲ್ಲೇ ಸುಳ್ಳು. ಇನ್ನೊಂದು ಪಟ್ಟಿ ಬೀಸಿದಳು, ಮತ್ತೊಂದು ಬೀಸಿದಳು. ಬಿಸಿಲು ಇಳಿಯುವ ಹೊತ್ತಿಗೆ ಬೇಲಿಯಾಚೆ ಜೆಸಿಬಿ ಬಂದು ನಿಂತಿತು. ಅದರ ಡ್ರೈವರ್ ಕೆಳಗಿಳಿದು ಟೀ ಕುಡಿಯೋಕೆ ಹೋದ. ಇಂಜಿನ್ನಿನ ಸದ್ದಿಗೆ ಅವಳು ಬೆಚ್ಚಿದಳು. ಮಾವ ಕೂತಲ್ಲಿಂದ ಕದಲಲಿಲ್ಲ.

ಅವಳು ಮಷಿನ್ ತೊಡೆಯ ಮೇಲಿಟ್ಟುಕೊಂಡು ಉಗುರಲ್ಲಿ ಟೇಪ್ ಕೆರೆದಳು. ಹಳೇ ಟೇಪು, ಚೂರು ಚೂರಾಗಿ ಕಿತ್ತುಬಂತು. 'ಬೇಡದ್ದು' ನಾಬನ್ನು ಪೂರ್ತಿ ಎಡಕ್ಕೆ ತಿರುಗಿಸಿದಳು. ಮಷಿನ್ ಕಿಟಾರನೆ ಕಿರುಚಿತು. ಬರೀ ನೆಲ ಇರೋ ಕಡೆ ಹೋಗಿ, ಚಕ್ರವನ್ನು ಮೇಲೆ ಕೆಳಗೆ ಆಡಿಸುತ್ತ, ಎತ್ತಿದರೂ ಇಳಿಸಿದರೂ ಸದ್ದು ಒಂದೇ ಸಮ ಆಗುವವರೆಗೆ ಮಣ್ಣಿನ ನಾಬ್ ತಿರುಗಿಸಿದಳು. ಮಾವನ ಸೆಲ್ಲಿನ ಮೇಲೆ ತಂದಾಗ ಸಣ್ಣಗೆ, ಮುರಿದ ದನಿಯಲ್ಲಿ ಕೂಗಿತು. ಆಮೇಲೆ ಮತ್ತೆ ಮೊದಲ ಪಟ್ಟಿಯಿಂದ. ಮೊಳೆ, ಮುಚ್ಚಳ, ಮತ್ತೆ ಮೊಳೆ, ಪ್ರತಿಯೊಂದಕ್ಕೂ ಮಂಡಿಯೂರಿ ಹುಲ್ಲು ಬಿಡಿಸಿ ನೋಡಿದಳು. ಜೆಸಿಬಿಯವನು ಟೀ ಮುಗಿಸಿ ಬೀಡಿ ಹಚ್ಚುವ ಹೊತ್ತಿಗೆ, ಬೆಳಗ್ಗೆ ಅವಳೇ ದಾಟಿ ಹೋಗಿದ್ದ ಜಾಗದಲ್ಲಿ, ಹುಲ್ಲಿನ ಬುಡದಲ್ಲಿ ಸಿಕ್ಕಿತು.

ಮಾವ ಅದನ್ನು ಅಂಗಿಗೆ ಒರೆಸಿ, ಸೆಲ್ ಬದಲಾಯಿಸಿ ಕಿವಿಗಿಟ್ಟುಕೊಂಡರು. ಅದು ಕುಂಯ್ ಅಂತ ಸಿಳ್ಳೆ ಹಾಕಿ ಸರಿಹೋಯಿತು.

"ಮಾವ, ಆಗ ನಿಮ್ಮ ಸೆಲ್ಲಿಗೆ ಡಿಟೆಕ್ಟರ್ ಕೂಗಿರ್ಲಿಲ್ಲ," ಅಂದಳು ಅವಳು. "ಸುಳ್ಳು ಹೇಳ್ದೆ. ನಾಬ್ ತಿರುಗಿಸೋಕೆ ಮನಸ್ಸು ಬರ್ಲಿಲ್ಲ. ನಿಮ್ಮ ಮಗ ಕೊನೇ ಸಲ ಇಟ್ಟಿದ್ದು. ಈಗ ಅದೂ ಹೋಯ್ತು."

ಮಾವ ನಾಬ್ ನೋಡಿದರು, ಅವಳನ್ನು ನೋಡಿದರು.

"ಅದನ್ನ ಅವ್ನೆಲ್ಲಮ್ಮಾ ಇಟ್ಟಿದ್ದ? ನಾನಲ್ವಾ ತಿರುಗಿಸಿದ್ದು."

"ಏನು?"

"ಅವ್ನು ತೀರ್ಕೊಂಡ ವಾರ. ನೀನು ಮಲಗಿದ್ದೆ. ಮಷಿನ್ ಎತ್ಕೊಂಡು ಇಲ್ಲಿಗೇ ಬಂದೆ. ಏನ್ ಹುಡುಕ್ಬೇಕು ಅಂತ ನಂಗೇ ಗೊತ್ತಿರ್ಲಿಲ್ಲ. ಒಂದೇ ಸಮ ಕಿರುಚ್ತಿತ್ತು. ತಡ್ಕೊಳಕ್ಕಾಗ್ಲಿಲ್ಲ, ಬಾಯಿ ಮುಚ್ಚೋವರೆಗೂ ತಿರುಗ್ಸಿ, ತಂದು ಮೂಲೇಲಿ ಇಟ್ಟೆ."

"ಹೇಳ್ಬಾರ್ದಿತ್ತಾ?" ಅವಳ ದನಿ ಅವಳಿಗೇ ಗುರುತು ಸಿಗದಷ್ಟು ಏರಿತು. "ಟೇಪ್ ಹಚ್ಚಿದ್ದು ದಿನಾ ನೋಡ್ತಿದ್ರಲ್ಲ, ಒಂದು ಮಾತು ಹೇಳ್ಬಾರ್ದಿತ್ತಾ ಮಾವ?"

"ನಾಬ್ ಲೂಸಾಗಿರ್ಬೇಕು ಅಂದ್ಕೊಂಡೆ. ನೀನೂ ಏನೂ ಹೇಳ್ಲಿಲ್ಲ."

ಅವಳಿಗೆ ಮೈಯೆಲ್ಲ ಉರಿದುಹೋಗುವಷ್ಟು ಸಿಟ್ಟು ಬಂತು. ಅದರ ಬೆನ್ನಿಗೇ ನಗು ಬಂತು. ನಗುತ್ತ ನಗುತ್ತಲೇ ಹುಲ್ಲಿನ ಮೇಲೆ ಕೂತಳು, ಆಮೇಲೆ ಅಳು. ಹೋಗಿದ್ದಾನೆ, ಒಂದು ನಾಬಿನಷ್ಟು ಜಾಗದಲ್ಲೂ ಉಳಿದಿಲ್ಲ. ಬೇಲಿಯಾಚೆಯ ಜೆಸಿಬಿಯವನು ಬೀಡಿ ಬಿಸಾಕಿ ಎದ್ದು ನಿಲ್ಲುವಷ್ಟು ಜೋರಾಗಿ ಅತ್ತಳು.

ಆ ಸದ್ದಿಗೆ ಮಾವನ ಕಿವಿಯಲ್ಲಿ ಮಷಿನ್ ಕುಂಯ್‌ಗುಟ್ಟತೊಡಗಿತು. ಅಭ್ಯಾಸಬಲದಿಂದ ಅವರ ಕೈ ಕಿವಿಯ ಹಿಂದಕ್ಕೆ ಹೋಯಿತು. ಅಲ್ಲೇ ಸ್ವಲ್ಪ ಹೊತ್ತು ನಿಂತು ಕೆಳಗಿಳಿಯಿತು. ಅವರು ಸೌಂಡ್ ಕಮ್ಮಿ ಮಾಡಲಿಲ್ಲ, ಅವಳ ಪಕ್ಕ ಹುಲ್ಲಿನ ಮೇಲೆ ಕೂತರು.