ಎಮಲಿನ್ ಹೊಯ್ದ ನೀರು

ಎಮಲಿನ್ ತಮೇಲಳಿಗೆ ಅವಳು ದುಡಿದ ಆಸ್ಪತ್ರೆ ಹನ್ನೊಂದು ವರ್ಷಗಳ ಪಿಂಚಣಿ ಇನ್ನೂ ಕೊಡಬೇಕು. ಹೆರಿಗೆ ವಾರ್ಡಿನಲ್ಲಿ ಆಯಾ ಆಗಿ ಮೂವತ್ತೊಂದು ವರ್ಷ ನಿಂತವಳು. ಮೊದಲ ಹನ್ನೊಂದು ವರ್ಷ ದಿನಗೂಲಿ, ಅದು ಸೇವೆಗೆ ಸೇರುವುದಿಲ್ಲ ಎಂದು ಕಾಗದ ಬಂತು. ಆ ಹನ್ನೊಂದು ವರ್ಷ ಅಲ್ಲಿ ಮಕ್ಕಳೇ ಹುಟ್ಟಲಿಲ್ಲವೋ ಏನೋ. ನಾಲ್ಕು ಅರ್ಜಿ ಬರೆದುಕೊಟ್ಟಿದ್ದೇನೆ, ಐದನೆಯದೂ ಬರೆಯುತ್ತೇನೆ. ಆ ಜಗಳ ಬೇರೆ. ಇಲ್ಲಿ ಬರೆಯುತ್ತಿರುವುದು ಕಳೆದ ಜೂನಿನಲ್ಲಿ ಅವಳು ಒಂದು ಹುಡುಗಿಗೆ ಶಾಲೆಯಲ್ಲಿ ಜಾಗ ಕೊಡಿಸಿದ ಸಂಗತಿ.

ಎಮಲಿನ್‌ಗೆ ಈಗ ಅರವತ್ತಮೂರು. ಕುಳ್ಳಿ, ಅಗಲ ಹೆಗಲು, ಜೋರು ಬಾಯಿ. ನೆಗೊಂಬೊ ಹಿನ್ನೀರಿನ ದಂಡೆಯಲ್ಲಿ, ಮೀನು ಒಣಹಾಕುವ ಚಾಪೆಗಳ ಹಿಂದೆ ಅವಳ ಮನೆ, ಪಕ್ಕದ್ದು ನನ್ನದು. ಅವಳ ಗಂಡ ಮೀನಿಗೆ ಹೋದದ್ದಕ್ಕಿಂತ ಸೇಂದಿಗೆ ಹೋದದ್ದು ಹೆಚ್ಚು. ಮ್ಯಾಟ್ರನ್‌ಗೆ ಸುಳ್ಳು ಹೇಳಿ ಹೇಳಿ ಬಾಣಂತಿಯರಿಗೆ ಎರಡನೇ ಲೋಟ ಹಾಲು ತಂದುಕೊಟ್ಟವಳು ಇವಳು. ಇವಳ ಮಾತನ್ನು ನಂಬಬೇಕೇ ಬೇಡವೇ ಎಂದು ಓಣಿಯಲ್ಲಿ ಯಾರನ್ನು ಕೇಳಿದರೂ ನಕ್ಕುಬಿಡುತ್ತಾರೆ.

ವಾರ್ಡಿನಲ್ಲಿ ಅವಳದೊಂದು ಪದ್ಧತಿಯಿತ್ತು. ತಿಂಗಳು ತುಂಬದೆ ಹುಟ್ಟಿ, ಉಸಿರೆಳೆಯಲಾರದೆ ನೀಲಿಗಟ್ಟುವ ಮಕ್ಕಳಿರುತ್ತವೆ. ಪಾದ್ರಿಯನ್ನು ಕರೆಸುವಷ್ಟು ಹೊತ್ತಿರುವುದಿಲ್ಲ. ಸಾಯುವಂತಿರುವ ಮಗುವಿಗೆ ಯಾರು ಬೇಕಾದರೂ ತಲೆಗೆ ನೀರು ಹೊಯ್ದು ಜ್ಞಾನಸ್ನಾನ ಕೊಡಬಹುದು ಎಂದು ನಮ್ಮ ಚರ್ಚಿನಲ್ಲಿ ಚಿಕ್ಕಂದಿನಲ್ಲೇ ಕಲಿಸಿರುತ್ತಾರೆ. ಎಮಲಿನ್ ತಾಯಿಯ ಕಿವಿಗೆ ಬಗ್ಗಿ, "ನಮ್ಮೋಳೇನೇ? ಹೊಯ್ಲಾ?" ಎನ್ನುತ್ತಿದ್ದಳು. ತಾಯಿ ತಲೆಯಾಡಿಸಿದರೆ ನಲ್ಲಿ ನೀರು. ಹೆಣ್ಣಾದರೆ ಮೇರಿ, ಗಂಡಾದರೆ ಜೋಸೆಫ್. ಹೆಸರು ಹುಡುಕುತ್ತ ಕೂರಲು ಪುರುಸೊತ್ತೆಲ್ಲಿ? ಅಂಥ ಮಕ್ಕಳು ನಲವತ್ತರ ಮೇಲೆ ಎನ್ನುತ್ತಾಳೆ. ಬಹಳಷ್ಟು ಉಳಿಯಲಿಲ್ಲ. ಉಳಿದವರಲ್ಲಿ ಶಿರೋಮಿಯ ಮಗಳು ಸೆನುಮಿ ಒಬ್ಬಳು.

ಶಿರೋಮಿ ಕಟುನಾಯಕದ ಗಾರ್ಮೆಂಟ್ಸ್‌ನಲ್ಲಿ ನನ್ನ ಪಕ್ಕದ ಮಷಿನ್ನಿನವಳು. ಕಕ್ಕಸಿಗೆ ಹೋಗಲು ಟೋಕನ್ ಕೇಳಬಾರದು ಎಂದು ನಾವು ಗೇಟಿನ ಮುಂದೆ ಕೂತ ಹನ್ನೆರಡನೇ ದಿನ, ಏಳು ತಿಂಗಳ ಬಸುರಿಯಾಗಿದ್ದ ಅವಳಿಗೆ ಅಲ್ಲೇ ನೋವು ಬಂತು. ಆಟೋಗೆ ಹತ್ತಿಸಿಕೊಂಡು ಹೋದವಳು ನಾನು. ಮಗು ನಲವತ್ತು ದಿನ ಗಾಜಿನ ಪೆಟ್ಟಿಗೆಯಲ್ಲಿದ್ದು ಬದುಕಿತು. ಹೀಗೆ ಬದುಕಿದ ಮಗುವನ್ನು ಆಮೇಲೆ ಚರ್ಚಿಗೆ ಒಯ್ಯಬೇಕು. ನೀರನ್ನು ಮತ್ತೆ ಹೊಯ್ಯುವುದಿಲ್ಲ. ತೈಲ ಹಚ್ಚಿ, ಮೇಣದಬತ್ತಿ ಕೊಟ್ಟು, ದೊಡ್ಡ ಪುಸ್ತಕದಲ್ಲಿ ಹೆಸರು ಬರೆಯುತ್ತಾರೆ. ಶಿರೋಮಿ ಒಯ್ಯಲಿಲ್ಲ. ಆಗಿಹೋದ ಮದುವೆಗೆ ಮತ್ತೆ ಚಪ್ಪರ ಯಾಕೆ ಎಂದುಕೊಂಡಳಂತೆ.

ಐದೂವರೆ ವರ್ಷ ಅದರಿಂದ ಏನೂ ತೊಂದರೆಯಾಗಲಿಲ್ಲ. ಒಂದನೇ ತರಗತಿ ಬಂತು ನೋಡಿ.

ಸೇಂಟ್ ಬಿಬಿಯಾನಾ ಶಾಲೆ ಕನ್ಯಾಸ್ತ್ರೀಯರದು. ಸರ್ಕಾರದ ಕಾಸು ಮುಟ್ಟುವುದಿಲ್ಲ, ಸರ್ಕಾರದ ಮಾತೂ ಕೇಳುವುದಿಲ್ಲ. ಯಾರನ್ನು ಸೇರಿಸಬೇಕು ಎಂಬುದು ಅವರದೇ ಕಟ್ಟಳೆ. ಎಂಬತ್ತು ಜಾಗ. ಮೊದಲು ಅಲ್ಲೇ ಓದುವವರ ತಂಗಿಯರು, ಆಮೇಲೆ ಸುತ್ತಿನ ಚರ್ಚುಗಳ ಹುಡುಗಿಯರು, ಕೊನೆಗೆ ಮಿಕ್ಕವರು. ಚರ್ಚಿನ ಹುಡುಗಿಯರಲ್ಲೂ ಎರಡು ಪಟ್ಟಿ. ಹುಟ್ಟಿದ ವರ್ಷದೊಳಗೆ ಜ್ಞಾನಸ್ನಾನ ಆದವರು ಮೊದಲ ಪಟ್ಟಿ, ತಡವಾದವರು ಎರಡನೆಯದು. ಎರಡನೇ ಪಟ್ಟಿಯವರೆಗೆ ಆ ಎಂಬತ್ತರಲ್ಲಿ ಜಾಗ ಉಳಿದದ್ದನ್ನು ಯಾರೂ ಕಂಡಿಲ್ಲ. ಸಿಸ್ಟರುಗಳನ್ನು ಬೈದು ಪ್ರಯೋಜನವಿಲ್ಲ. ಜೂನ್ ಹತ್ತಿರ ಬಂದಂತೆ ನಮ್ಮಲ್ಲಿ ಭಕ್ತಿ ಉಕ್ಕುತ್ತದೆ. ಐದು ವರ್ಷ ಚರ್ಚಿನ ಕಡೆ ತಲೆ ಹಾಕದವರು ಮಕ್ಕಳನ್ನು ಎಳೆದುಕೊಂಡು ಸಾಲುಗಟ್ಟುತ್ತಾರೆ. ಓಣಿಯವರು ಅದಕ್ಕೆ ಸ್ಕೂಲ್ ಸ್ನಾನ ಎಂದೇ ಹೆಸರಿಟ್ಟಿದ್ದಾರೆ.

ಶಿರೋಮಿಗೆ ಆ ಶಾಲೆಯೇ ಬೇಕಾಗಿದ್ದದ್ದು ದೊಡ್ಡಸ್ತಿಕೆಗಲ್ಲ. ಸರ್ಕಾರಿ ಶಾಲೆ ಒಂದೂವರೆಗೆ ಬಿಡುತ್ತದೆ. ಅವಳ ಪಾಳಿ ಮುಗಿಯುವುದು ಐದಕ್ಕೆ. ಗಂಡ ಕತಾರಿನಲ್ಲಿ ಲಾರಿ ಓಡಿಸುತ್ತಾನೆ, ಮನೆಯಲ್ಲಿ ಬೇರೆ ಯಾರೂ ಇಲ್ಲ. ಬಿಬಿಯಾನಾದಲ್ಲಿ ದುಡಿಯುವ ತಾಯಂದಿರ ಮಕ್ಕಳನ್ನು ಐದೂವರೆವರೆಗೆ ಇಟ್ಟುಕೊಂಡು ಊಟ ಹಾಕುತ್ತಾರೆ, ಫೀಸಿನಲ್ಲೂ ಬಿಡುತ್ತಾರೆ. ಜಾಗ ಸಿಗದಿದ್ದರೆ ಶಿರೋಮಿ ಕೆಲಸ ಬಿಡಬೇಕು. ಅಷ್ಟೇ ಲೆಕ್ಕ.

ಮಂಗಳವಾರ ಅರ್ಜಿ ಕೊಡಲು ನಾನೂ ಜೊತೆಗೆ ಹೋದೆ. ಮೇಜಿನ ಹಿಂದೆ ಸಿಸ್ಟರ್ ಗೊರೆಟ್ಟಿ. ಕಾಗದ ಒಂದೊಂದಾಗಿ ಮಗುಚಿ ಹಾಕಿ ಕೇಳಿದರು, "ಜ್ಞಾನಸ್ನಾನದ ಪತ್ರ?"

"ಆಗಿದೆ ಸಿಸ್ಟರ್. ಹುಟ್ಟಿದ್ ದಿನಾನೇ ಆಗಿದೆ, ಆಸ್ಪತ್ರೇಲಿ."

"ಒಳ್ಳೇದು. ಪತ್ರ ಎಲ್ಲಿ?"

"ಪತ್ರ ಇಲ್ಲ ಸಿಸ್ಟರ್. ನೀರು ಹಾಕಿದ್ರಲ್ಲ..."

"ಮಗಳೇ, ನೀರು ಒಣಗಿಹೋಗಿ ಐದು ವರ್ಷ ಆಯ್ತು. ನಾನು ಫೈಲಿಗೆ ಏನು ಹಾಕ್ಲಿ?"

ಗದರಲಿಲ್ಲ, ನಗಲೂ ಇಲ್ಲ. ಶುಕ್ರವಾರ ನಾಲ್ಕು ಗಂಟೆಗೆ ಪಟ್ಟಿ ಮುಚ್ಚುತ್ತದೆ ಎಂದರು. ಹೊರಗೆ ಬಂದು ನೇರ ಚರ್ಚಿನ ಗುಮಾಸ್ತ ಮಾರ್ಸೆಲಿನ್ ಬಳಿ ಹೋದೆವು. ಅವನಿಗೆ ಇದು ದಿನದ ವ್ಯಾಪಾರ.

"ಅದಕ್ಯಾಕೆ ಅಳ್ತೀಯಾ? ಗುರುವಾರ ಸಂಜೆ ಎಂಟು ಮಕ್ಕಳದಿದೆ, ನಿಂದೂ ಸೇರಿದ್ರೆ ಒಂಬತ್ತು. ಆಸ್ಪತ್ರೆ ವಿಷ್ಯ ಬಾಯಿ ಬಿಡಬೇಡ."

"ತಾರೀಖು ಗುರುವಾರದ್ದೇ ಬೀಳುತ್ತಲ್ಲ ಮಾರಾಯಾ," ಎಂದೆ ನಾನು.

"ಮತ್ತೆ? ಹಳೇ ತಾರೀಖು ಹಾಕೋಕೆ ನಾನೇನು ಪವಾಡಪುರುಷನಾ? ಎರಡನೇ ಪಟ್ಟಿಲಾದ್ರೂ ಇರ್ತಾಳೆ ಬಿಡಕ್ಕಾ."

ಶಿರೋಮಿ ಅದಕ್ಕೂ ತಯಾರಾಗಿದ್ದಳು. ಏನೂ ಇಲ್ಲದ್ದಕ್ಕಿಂತ ಮೇಲು ಎಂದು ಕಣ್ಣೊರೆಸಿಕೊಂಡಳು. ಮನೆಗೆ ಬಂದು ಎಮಲಿನ್‌ಳ ಜಗಲಿಯಲ್ಲಿ ಕೂತು ಇದನ್ನೆಲ್ಲ ಹೇಳಿದೆವು. ಅವಳು ಮೀನು ಸೀಳುತ್ತಿದ್ದಳು. ಕತ್ತಿ ನಿಂತಿತು.

"ಒಂದ್ ತಲೆಗೆ ಎರಡು ಸಲನಾ? ನಾನು ಹೊಯ್ದಿದ್ದೇನು ಗಂಜಿ ತಿಳೀನಾ?"

"ಎಮಲಿನಮ್ಮಾ, ಪುಸ್ತಕದಲ್ಲಿ ಇಲ್ವಲ್ಲ," ಎಂದಳು ಶಿರೋಮಿ.

"ಪುಸ್ತಕದಲ್ಲಿ ಇಲ್ದಿದ್ರೆ ಬರೆಸ್ಬೇಕು ಕಣೇ, ಕತ್ತೆ! ಹೊಸ ಪಾದ್ರಿ ಬಂದಿದ್ದಾನಲ್ಲ, ಸುಮ್ನೆ ಊಟ ಮಾಡ್ಕೊಂಡಿರೋಕಾ? ನಂಗಿ, ನೀನು ಬಾ. ಕಾಗದ ಪೆನ್ನು ತಗೋ." ನಂಗಿ ಎಂದರೆ ನಾನು. ಐದು ವರ್ಷ ಚಿಕ್ಕವಳಾದ ತಪ್ಪಿಗೆ ತಂಗಿಯಾಗಿದ್ದೇನೆ.

ಹೊಸ ಪಾದ್ರಿ ಫಾದರ್ ಕ್ಲೆಮೆಂಟ್‌ಗೆ ಮೂವತ್ತೈದು ದಾಟಿರಲಿಲ್ಲ. ಪೂರ್ತಿ ಕೇಳಿಸಿಕೊಂಡು, ಕಣ್ಣಾರೆ ಕಂಡ ಒಬ್ಬ ಸಾಕ್ಷಿ ಸಾಕು, ಆದರೆ ಸರಿಯಾಗಿ ವಿಚಾರಿಸಬೇಕು ಎಂದರು. ಮೊದಲು ಶಿರೋಮಿಯೊಬ್ಬಳನ್ನೇ ಒಳಗೆ ಕರೆದರು. ಅವಳು ಮಲಗಿದ್ದಲ್ಲಿಂದ ಕೇಳಿದ್ದೇ ಹೊರತು ಏನನ್ನೂ ಕಂಡಿರಲಿಲ್ಲ. ಆವತ್ತು ಅಲ್ಲಿದ್ದ ಡಾಕ್ಟರು ಯಾರು, ನರ್ಸು ಯಾರು ಎಂದು ಯಾರಿಗೂ ನೆನಪಿರಲಿಲ್ಲ. ಅಲ್ಲಿಗೆ ಸೆನುಮಿಯ ಜಾಗ ಎಮಲಿನ್‌ಳ ನಾಲಿಗೆಯ ಮೇಲೆ ನಿಂತಿತು. ಆ ನಾಲಿಗೆ ನನಗೆ ಗೊತ್ತಿದ್ದದ್ದೇ. ಬರೆದುಕೊಳ್ಳಲು ನಾನಿರಲಿ ಎಂದು ಹಟ ಮಾಡಿ ಅವಳ ಜೊತೆ ಒಳಗೆ ಹೋಗಿ ಕಿಟಕಿ ಬಳಿ ಕೂತೆ.

"ಯಾವ ಮಾತು ಹೇಳಿದ್ರಿ ಅಮ್ಮಾ?"

"ಮೇರಿ, ಪಿತನ, ಸುತನ, ಪವಿತ್ರಾತ್ಮನ ಹೆಸರಲ್ಲಿ ನಿಂಗೆ ಜ್ಞಾನಸ್ನಾನ ಕೊಡ್ತೀನಿ ಅಂತ. ಬೇರೆ ಏನ್ ಹೇಳ್ತಾರೆ?"

"ಯಾವ ನೀರು?"

"ನಲ್ಲೀದು. ಸ್ಟೀಲ್ ಲೋಟದಲ್ಲಿ ಹಿಡಿದಿದ್ದು."

ಫಾದರ್ ಪೆನ್ನು ಕೆಳಗಿಟ್ಟರು. "ಇದು ಮುಖ್ಯ, ಯೋಚ್ನೆ ಮಾಡಿ ಹೇಳಿ. ಎಳೇ ಮಗು, ಒಂದೂಕಾಲು ಕಿಲೋ. ಒದ್ದೆ ಹತ್ತಿ ತಲೆಗೆ ಒತ್ತಿದ್ರಾ, ಇಲ್ಲಾ ನೀರು ತಲೆ ಮೇಲೆ ಹರೀತಾ? ಬರೀ ಒದ್ದೆ ಮಾಡಿದ್ರೆ ನಾನು ಬರೆಯೋಕಾಗಲ್ಲ."

ಎಮಲಿನ್ ತನ್ನ ಎರಡೂ ಅಂಗೈ ತಿರುವಿ ನೋಡಿಕೊಂಡಳು. ಪೊಲೀಸರ ಮುಂದೆ, ಲೇಬರ್ ಆಫೀಸಿನ ಮುಂದೆ ಎಷ್ಟೋ ಸಲ ಕೂತಿದ್ದೇನೆ. ಅಷ್ಟು ಹೆದರಿದ್ದು ನೆನಪಿಲ್ಲ. ಹರೀತು ಎಂದು ಒಂದು ಮಾತು ಅಂದುಬಿಡೇ ಎಂದು ಒಳಗೇ ಬೈಯುತ್ತಿದ್ದೆ.

"ಫಾದರ್," ಎಂದಳು ಕೊನೆಗೆ, "ಕೆಲವಕ್ಕೆ ಹತ್ತೀನೇ. ಸುಳ್ಳು ಯಾಕೆ ಹೇಳ್ಲಿ. ಆ ಮಕ್ಕಳ ಹೆಸರು ನೀವು ಬರೆಯೋದೂ ಬೇಡ, ಅವು ಸಂಜೆ ತನಕ ಇರ್ಲಿಲ್ಲ. ಇವಳಿಗೆ ಹಂಗಾಗ್ಲಿಲ್ಲ. ಅವಸರದಲ್ಲಿ ಅರ್ಧ ಲೋಟ ಸುರಿದುಬಿಟ್ಟೆ. ತಲೆ ಮೇಲಿಂದ ಇಳಿದು ಟೇಬಲ್ ಎಲ್ಲಾ ನೀರು. ಮಗೂಗೆ ಥಂಡಿ ಹಿಡಿಸ್ತೀಯಾ, ಮುದಿ ಗೂಬೆ ಅಂತ ಡಾಕ್ಟ್ರು ಬೈದ್ರು. ಆಮೇಲೆ ಅವರೇ ಜಾರಿದ್ರು, ನರ್ಸಮ್ಮ ತೋಳು ಹಿಡ್ಕೊಂಡ್ಲು. ನೆಲ ಒರೆಸಿದೋಳು ಯಾರು ಅಂದ್ಕೊಂಡ್ರಿ? ನಾನೇ! ಎರಡು ಬಟ್ಟೆ ಬೇಕಾಯ್ತು."

ಫಾದರ್ ಕ್ಲೆಮೆಂಟ್ ಬಾಯಿಗೆ ಕೈ ಅಡ್ಡ ಇಟ್ಟುಕೊಂಡು ನಕ್ಕರು. ನಗು ನಿಲ್ಲಿಸಿ, "ಹರಿದಿದೆ," ಎಂದು ತಮಗೆ ತಾವೇ ಹೇಳಿಕೊಂಡು ಕಪಾಟಿನಿಂದ ಪುಸ್ತಕ ತೆಗೆದರು. ಎಮಲಿನ್ ಎದ್ದುನಿಂತು ಅವರ ಹೆಗಲ ಮೇಲಿಂದಲೇ ಓದಿದಳು. ಹುಟ್ಟಿದ ದಿನ, ಅಕ್ಟೋಬರ್ ಹದಿನಾಲ್ಕು. ಜ್ಞಾನಸ್ನಾನ, ಅದೇ ದಿನ. ಹೆಸರು ಮೇರಿ ಸೆನುಮಿ. ಕೊಟ್ಟವರು ಎಂಬ ಕಡೆ, ಮೇಲಿಂದ ಕೆಳಗೆ ಬರೀ ಪಾದ್ರಿಗಳ ಹೆಸರಿದ್ದಲ್ಲಿ, ಎಮಲಿನ್ ತಮೇಲ್, ಆಯಾ.

"ತಮೇಲ್‌ಗೆ ದೀರ್ಘ ಸರಿಯಾಗಿ ಹಾಕಿ ಫಾದರ್," ಎಂದಳು. ದೀರ್ಘ ಸರಿಯಾಗೇ ಇತ್ತು.

ಗುರುವಾರ ಎಂಟು ಮಕ್ಕಳಿಗೆ ನೀರು, ಸೆನುಮಿಗೆ ತೈಲ ಮತ್ತು ಮೇಣದಬತ್ತಿ ಮಾತ್ರ. ತನಗೆ ಯಾಕೆ ನೀರಿಲ್ಲ ಎಂದು ಅತ್ತಳು. ಶುಕ್ರವಾರ ಮೂರೂಕಾಲಿಗೆ ಸಿಸ್ಟರ್ ಗೊರೆಟ್ಟಿ ಪತ್ರವನ್ನು ಎರಡು ಸಲ ಓದಿದರು.

"ಆಯಾ?"

"ಹೌದು ಸಿಸ್ಟರ್," ಎಂದಳು ಶಿರೋಮಿ.

"ನನ್ನ ತಂಗಿ ಮಗನಿಗೂ ಆ ಆಸ್ಪತ್ರೇಲಿ ಯಾರೋ ಹೀಗೇ ಹೊಯ್ದಿದ್ರು. ಉಳೀಲಿಲ್ಲ." ಅಷ್ಟು ಹೇಳಿ ಅರ್ಜಿಯನ್ನು ಎಡಗಡೆಯ ರಟ್ಟಿನೊಳಗೆ ಇಟ್ಟರು. ಎಡಗಡೆಯದು ಮೊದಲ ಪಟ್ಟಿ. ಆಗಸ್ಟಿನಲ್ಲಿ ಗೇಟಿಗೆ ಹಚ್ಚಿದ ಕಾಗದದಲ್ಲಿ ಸೆನುಮಿಯದು ಅರವತ್ತೆರಡನೇ ಹೆಸರು. ಶಿರೋಮಿ ಗೇಟಿನ ಬುಡದಲ್ಲೇ ಕೂತು, ಕಾಲು ಚಾಚಿ, ಅರ್ಧ ಗಂಟೆ ಏಳಲಿಲ್ಲ. ನಾನು ಮೂರು ಮೀನಿನ ಬನ್ನು ತಂದೆ. ಎರಡನ್ನು ಎಮಲಿನ್ ತಿಂದಳು.

ಇದನ್ನು ಓದುತ್ತಿರುವ ನಮ್ಮ ಚರ್ಚಿನವರೇ, ಈಗ ನಿಮ್ಮ ವಿಷಯ. ಆ ವಾರ್ಡಿನಲ್ಲಿ ತಿಂಗಳು ತುಂಬದೆ ಹೆತ್ತು, ಎಮಲಿನ್ ನೀರು ಹೊಯ್ದ ಮಗುವನ್ನು ಮನೆಗೆ ತಂದು, ಪುಸ್ತಕಕ್ಕೆ ಬರೆಸದೆ ಬಿಟ್ಟವರು ನಿಮ್ಮಲ್ಲಿದ್ದಾರೆ. ಅವಳು ಹೇಳುವ ಪ್ರಕಾರ ಏಳು ಮನೆಯವರು. ಮಗು ಕಾಲೇಜಿಗೆ ಹೋಗುತ್ತಿರಲಿ, ಇನ್ನೂ ಶಾಲೆಯ ಮೆಟ್ಟಿಲು ಹತ್ತದಿರಲಿ, ಸಾಕ್ಷಿ ಅವಳೊಬ್ಬಳೇ. ಸಕ್ಕರೆ ಕಾಯಿಲೆ ಬೇರೆ ಇದೆ. ಜೂನ್ ತನಕ ಕಾಯಬೇಡಿ. ಈ ಭಾನುವಾರವೇ ಮಗುವನ್ನು ಕರೆದುಕೊಂಡು ಬಂದು ಬರೆಸಿ. ಆಟೋ ನೀವೇ ತನ್ನಿ, ಅವಳ ಮಂಡಿ ಹೋಗಿದೆ.