ಹೊನ್ನಿ ತೊಳೆದ ಬಾಟಲಿಗಳು

ಬೆಳಕು ಇನ್ನೂ ಕಾಳಿ ನದಿಯ ಆಚೆ ದಡದಲ್ಲೇ ನಿಂತಿದೆ, ಈಚೆ ದಾಟಲು ದೋಣಿ ಕಾಯುತ್ತಿರುವ ಹಾಗೆ. ಕೋಡಿಬಾಗದ ಮರಳಿನ ಮೇಲೆ ಹೊನ್ನಿ ಗೌಡ ಬಗ್ಗಿ ಬಗ್ಗಿ ನಡೆಯುತ್ತಾಳೆ. ಬಲಗೈಯಲ್ಲಿ ತುದಿ ಬಗ್ಗಿಸಿದ ಕಬ್ಬಿಣದ ಸಲಾಕೆ, ಎಡ ಹೆಗಲಿಗೆ ಗೋಣಿಚೀಲ. ಸಲಾಕೆ ಮರಳಿಗೆ ತಾಗಿದರೆ ಸದ್ದಿಲ್ಲ. ಗಾಜಿಗೆ ತಾಗಿದರೆ ಟಣ್ ಎನ್ನುತ್ತದೆ. ಆ ಸದ್ದಿಗೆ ಆಕೆ ಕುಕ್ಕರಗಾಲಲ್ಲಿ ಕೂತು, ನಿನ್ನೆ ಸಂಜೆ ಯಾರೋ ಕುಡಿದು ಕತ್ತಿನವರೆಗೆ ಹೂತು ಹೋದ ಬಾಟಲಿಯನ್ನು ಗೆಣಸು ಕಿತ್ತ ಹಾಗೆ ಕೀಳುತ್ತಾಳೆ.

ಒಡೆದ ಚೂರುಗಳಿಗೆ ಬೇರೆಯದೇ ಡಬ್ಬ. ಅದನ್ನು ಕೊಳ್ಳುವವರಿಲ್ಲ. ಮತ್ತೆ ಯಾಕೆ ಹೆಕ್ಕುವುದು?

"ಮೀನಿನ ಬುಟ್ಟಿ ಹೊತ್ಕಂಡು ಹೆಂಗಸ್ರು ಬರಿಗಾಲಲ್ಲಿ ಬತ್ರು ಅಲ್ದಾ? ತಲೆ ಮೇಲೆ ಬುಟ್ಟಿ ಇದ್ದೋರಿಗೆ ಕೆಳಗೆ ನೋಡೂಕೆ ಆತದಾ?" ಎನ್ನುತ್ತಾಳೆ. ಆಕೆಯ ಎಡ ಹಿಮ್ಮಡಿಯಲ್ಲಿ ಏಳು ಹೊಲಿಗೆಯ ಗುರುತಿದೆ. ಅದರ ಬಗ್ಗೆ ಕೇಳಿದರೆ ಮಾತ್ರ ಹೇಳುತ್ತಾಳೆ.

ಹೊನ್ನಿಗೆ ಐವತ್ತೆಂಟು ದಾಟಿದೆ. ಕಿನ್ನರ ಎಂಬ ಹಳ್ಳಿಯವಳು. ಗದ್ದೆ ಕೂಲಿ ತಪ್ಪಿದ ಮೇಲೆ, ಇಪ್ಪತ್ತೆರಡು ವರ್ಷಗಳಿಂದ ಮೊದಲ ಬಸ್ಸಿಗೆ ಕಾರವಾರಕ್ಕೆ ಬಂದು ಬಾಟಲಿ ಕೂಡಿಸುತ್ತಾಳೆ. ಮೊದಲು ದಂಡೆ, ಬಿಸಿಲೇರಿದ ಮೇಲೆ ಮನೆಮನೆ. ಔಷಧದ್ದು, ಜೇನಿನದ್ದು, ಉಪ್ಪಿನಕಾಯಿಯದ್ದು, ಗಂಡಸರು ಕಪಾಟಿನ ಹಿಂದೆ ಮುಚ್ಚಿಟ್ಟದ್ದು. ಯಾವ ಮನೆಯಲ್ಲಿ ಯಾರಿಗೆ ಕಾಯಿಲೆ, ಯಾರು ಕುಡಿತ ಬಿಟ್ಟರು, ಯಾರು ಬಿಟ್ಟೆನೆಂದು ಸುಳ್ಳು ಹೇಳಿದರು ಎಲ್ಲ ಆಕೆಗೆ ಗೊತ್ತು. ಬಾಯಿ ಬಿಟ್ಟವಳಲ್ಲ. ಹೋದ ವರ್ಷದವರೆಗೆ ದಿನಕ್ಕೆ ಅರವತ್ತು ಬಾಟಲಿ ಸಿಗುತ್ತಿದ್ದವು. ಈಗ ಇಪ್ಪತ್ತಾದರೆ ದೊಡ್ಡದು.

ಕಡಿಮೆಯಾದ ಕಥೆ ಗೇಟಿನಲ್ಲೇ ಸಿಗುತ್ತದೆ. ಸುಗಂಧಾ ಬಾಯಿ ಒಗೆದ ಬಟ್ಟೆ ಹರವುತ್ತ ಅಲ್ಲಿಂದಲೇ ಕೂಗುತ್ತಾರೆ: "ಹೊನ್ನೀ, ಇಲ್ಲ ಮಾರಾಯ್ತಿ! ನಮ್ಮ ಮನೆಯವ್ರೇ ಒಯ್ದು ಕೊಟ್ಟು ಬತ್ರು ಈಗ. ಬಾಟಲಿಗೆ ಹತ್ತು ರೂಪಾಯಿ!"

"ಒಡೆಯರು ಬಾಟಲಿ ಹೊತ್ಕಂಡು ಹೋತ್ರಾ? ಹೋದ ತಿಂಗಳು ಸಿಲಿಂಡರ್ ಎತ್ತೂಕೆ ಬೆನ್ನು ನೋವು ಅಂದಿದ್ರಲ?"

"ಹತ್ತು ರೂಪಾಯಿ ಅಂದ್ರೆ ಬೆನ್ನು ನೋವು ಇಲ್ಲ ಅವ್ರಿಗೆ," ಎಂದು ಸುಗಂಧಾ ನಗುತ್ತಾರೆ. ಹೊನ್ನಿಯೂ ನಗುತ್ತಾಳೆ. ಚೀಲ ಮಾತ್ರ ಹಗುರವಾಗಿಯೇ ಮುಂದಿನ ಗೇಟಿಗೆ ಹೋಗುತ್ತದೆ.

ಊರಿಗೆ ಹೊಸದಾಗಿ ಬಂದ ಏರ್ಪಾಡು ಇದು. ಕೊಳ್ಳುವಾಗ ಬಾಟಲಿಗೆ ಹತ್ತು ರೂಪಾಯಿ ಹೆಚ್ಚು ಕೊಡಬೇಕು, ಖಾಲಿ ಬಾಟಲಿ ಮರಳಿಸಿದರೆ ಆ ಹತ್ತು ವಾಪಸು. ಅದಕ್ಕೊಂದು ಕೌಂಟರ್. ಅದರ ಉದ್ಘಾಟನೆಗೆ ಹೊನ್ನಿಯನ್ನು ಕರೆದರು. ಶಾಲು ಹೊದಿಸಿದರು, ಕೈಗೆ ತೆಂಗಿನಕಾಯಿ ಕೊಟ್ಟರು, 'ಸ್ವಚ್ಛ ತೀರದ ತಾಯಿ' ಎಂದು ಮೈಕಿನಲ್ಲಿ ಹೊಗಳಿದರು. ಅದಕ್ಕೂ ಮುಂಚೆ ಒಬ್ಬ ಫೋಟೋದವನು ಕಿನ್ನರದ ಮನೆಗೇ ಬಂದು, ಬೇಲಿಯ ಗೂಟದ ಮೇಲೆ ಬೋರಲು ಹಾಕಿದ್ದ ಬಾಟಲಿಯೊಂದನ್ನು ಆಕೆಯ ಕೈಗಿಟ್ಟು ಪಟ ತೆಗೆದಿದ್ದ. ಅದೀಗ ಕೌಂಟರಿನ ನೆತ್ತಿಯ ಮೇಲೆ ಆಳೆತ್ತರದ ಬ್ಯಾನರ್. ಹಲ್ಲು ಬಿಟ್ಟು ನಗುವ ಹೊನ್ನಿ, ಕೈಯಲ್ಲಿ ಫಳಫಳ ಹೊಳೆವ ಬಾಟಲಿ.

ಹತ್ತು ರೂಪಾಯಿ ಎಂದು ಕೇಳಿದ ದಿನದಿಂದ ಆಕೆ ಗುಜರಿಗೆ ಒಂದೂ ಬಾಟಲಿ ಹಾಕಲಿಲ್ಲ. ಬಾಳೆಹಣ್ಣು ಮಾರುವ ತುಳಸಿದಾಸ ತನ್ನ ಹಳೆಯ ನೂಕುಗಾಡಿ ಕೊಡುವೆನೆಂದಿದ್ದ, ಮೂರು ಸಾವಿರಕ್ಕೆ. ಹೆಗಲು ಬಿದ್ದುಹೋಗಿದೆ, ಚೀಲ ಹೊರುವುದು ಇನ್ನೊಂದು ವರ್ಷವೂ ಸಾಗದು. ಗಾಡಿಯಿದ್ದರೆ ಕೆಲಸ ಉಂಟು, ಇಲ್ಲದಿದ್ದರೆ ಇಲ್ಲ. ಮೂರು ವಾರದಲ್ಲಿ ಮುನ್ನೂರ ಹನ್ನೆರಡು ಬಾಟಲಿ ಕೂಡಿದವು.

ಕೂಡಿದ್ದನ್ನೆಲ್ಲ ಹೊನ್ನಿ ತೊಳೆದಳು. ರಾತ್ರಿ ಹಂಡೆಯಲ್ಲಿ ನೆನೆಹಾಕಿ, ಬೆಳಿಗ್ಗೆ ಬೂದಿ, ತೆಂಗಿನ ನಾರು ಹಾಕಿ ಉಜ್ಜಿ, ಒಳಗೆ ಹಿಡಿ ಮರಳು ತುಂಬಿ ಕುಲುಕಿ, ಮೈಗೆ ಅಂಟಿದ ಒಂದು ಕಾಗದದ ಎಳೆಯೂ ಉಳಿಯದ ಹಾಗೆ. ಇದು ಅತ್ತೆಯಿಂದ ಬಂದ ರೂಢಿ. ಬಾಯಿ ಹಚ್ಚಿದ್ದು ಎಂಜಲು, ಎಂಜಲನ್ನು ಇನ್ನೊಬ್ಬರ ಕೈಗೆ ಕೊಡಬಾರದು. "ಗುಜರಿಯವ್ನಿಗೇ ತೊಳೆದು ಕೊಟ್ಟೋಳು ನಾ. ಶಾಲು ಹೊದಿಸಿದೋರಿಗೆ ಎಂಜಲು ಕೊಡೂದಾ?" ಎಂದು ಆಕೆ ಈಗಲೂ ಕೇಳುತ್ತಾಳೆ.

ರಿಕ್ಷಾ ಮಾಡಿಕೊಂಡು ಎಂಟು ಚೀಲ ತಂದಿಳಿಸಿದ ಬೆಳಿಗ್ಗೆ, ಕೌಂಟರಿನ ಸಾಯಿನಾಥ ಮೊದಲ ಬಾಟಲಿ ಎತ್ತಿ ತಿರುಗಿಸಿ ನೋಡಿದ. ಎರಡನೆಯದು ನೋಡಿದ. ಮೂರನೆಯದಕ್ಕೆ ಮೋರೆ ಸಣ್ಣದಾಯಿತು.

"ಹೊನ್ನಕ್ಕಾ, ಚೀಟಿ ಎಲ್ಲಿ?"

"ಎಂತಾ ಚೀಟಿ?"

"ಬಾಟಲಿ ಮೇಲೆ ಅಂಟಿಸಿದ್ದು. ಉಗುರಷ್ಟು ಇರ್ತದೆ. ಅದನ್ನ ಮಿಷನ್ನಿಗೆ ತೋರ್ಸಿದ್ರೇ ದುಡ್ಡು."

"ಅದೆಲ್ಲ ತಿಕ್ಕಿ ತೆಗದೆ ತಮ್ಮಾ. ಹೊಲಸು ಅಲ್ದಾ?"

ಅಜ್ಜಿಕಥೆಯ ರಾಕ್ಷಸನ ಜೀವ ಅವನ ಮೈಯಲ್ಲಿರುವುದಿಲ್ಲ, ಏಳು ಕಡಲಾಚೆಯ ಗಿಣಿಯಲ್ಲಿರುತ್ತದೆ. ಬಾಟಲಿಯ ಬೆಲೆಯೂ ಬಾಟಲಿಯಲ್ಲಿ ಇರಲಿಲ್ಲ. ಹೊನ್ನಿ ಮುನ್ನೂರ ಹನ್ನೆರಡು ಗಿಣಿಗಳ ಕುತ್ತಿಗೆಯನ್ನು ತನ್ನ ಕೈಯಾರೆ, ಬೂದಿ ಹಾಕಿ, ಮುರಿದಿದ್ದಳು.

"ಅಲ್ಲೇ ಬರೆದಿದ್ದು ಉಂಟಲ ಅಕ್ಕಾ," ಎಂದು ಸಾಯಿನಾಥ ಬ್ಯಾನರಿನತ್ತ ಕೈ ತೋರಿಸಿದ. ಪಟದ ಹೊನ್ನಿಯ ಕಾಲ ಬುಡದಲ್ಲಿ, ಸಾಸಿವೆಯಂಥ ಅಕ್ಷರದಲ್ಲಿ: 'ಚೀಟಿ ಇಲ್ಲದ ಬಾಟಲಿ ಸ್ವೀಕರಿಸುವುದಿಲ್ಲ.' ಹೊನ್ನಿಗೆ ಓದಲು ಬರುವುದಿಲ್ಲ. ಶಾಲು ಹೊದಿಸಿದವರಿಗೆ ಅದು ಗೊತ್ತಿತ್ತು. ಪಟಕ್ಕೆ ಒಪ್ಪಿಗೆಯೆಂದು ಹೆಬ್ಬೆಟ್ಟು ಒತ್ತಿಸಿಕೊಂಡಿದ್ದರು.

ಆಕೆ ಬಹಳ ಹೊತ್ತು ಕತ್ತೆತ್ತಿ ನೋಡಿದಳಂತೆ. ಆಮೇಲೆ ಕೇಳಿದಳಂತೆ: "ಆ ಮೇಲಿನೋಳ ಕೈಲಿ ಇರೂ ಬಾಟಲಿಗೆ ಚೀಟಿ ಉಂಟಾ ನೋಡು."

ಇರಲಿಲ್ಲ. ಅದೂ ಆಕೆಯೇ ತೊಳೆದ ಬಾಟಲಿ.

"ನನ್ನ ಕೈಲಿ ಎಂತ ಉಂಟು ಹೊನ್ನಕ್ಕಾ? ಮಿಷನ್ ಒಪ್ಪುದಿಲ್ಲ," ಎಂದ ಸಾಯಿನಾಥ ಇಂದಿಗೂ ಆಕೆಯ ಕಣ್ಣು ತಪ್ಪಿಸುತ್ತಾನೆ. ಏರ್ಪಾಡು ನಡೆಸುವವರಿಗೆ ಆತ ಫೋನು ಮಾಡಿದ್ದ. 'ನಿಯಮ ಎಲ್ಲರಿಗೂ ಒಂದೇ' ಎಂಬ ಉತ್ತರ ಬಂತು. ಕಪಾಟಿನಿಂದ ತೆಗೆದು ಕಾರಿನಲ್ಲಿ ತರುವವರಿಗೂ, ಮರಳಿನಿಂದ ಕಿತ್ತು ಹೆಗಲಲ್ಲಿ ತರುವವಳಿಗೂ ಒಂದೇ.

ವಾಪಸು ಒಯ್ಯಲು ರಿಕ್ಷಾಕ್ಕೆ ಕಾಸಿರಲಿಲ್ಲ. ಆರು ಚೀಲ ಪಕ್ಕದ ಗುಜರಿಯಲ್ಲಿ ತೂಕಕ್ಕೆ ಹೋದವು. ಬಂದದ್ದು ಬೆಳಗಿನ ರಿಕ್ಷಾಕ್ಕೂ ಸಾಲಲಿಲ್ಲ. ಮರುವಾರ ತುಳಸಿದಾಸನ ಗಾಡಿ ಬೇರೆಯವರ ಪಾಲಾಯಿತು. ಉಳಿದೆರಡು ಚೀಲವನ್ನು ಹೊನ್ನಿ ಬಸ್ಸಿನಲ್ಲಿ ಅಂಕೋಲೆ ದಾಟಿಸಿ ಸುಂಕಸಾಳಕ್ಕೆ ಒಯ್ದಳು. ಅಲ್ಲಿ ಹೆದ್ದಾರಿ ಬದಿಯಲ್ಲಿ ಕೋಕಂ ಪಾನಕ ಮಾರುವ ವನಮಾಲಾ ಎರಡೂ ಚೀಲ ಇಳಿಸಿಕೊಂಡರು. "ಬೇರೆಯೋರ ಬಾಟಲಿ ಆದ್ರೆ ಮೂಸಿ ನೋಡ್ತೆ. ಹೊನ್ನಿದಾದ್ರೆ ಸೀದಾ ಪಾನಕ ಹೊಯ್ಯೂದೇ," ಎಂದರು. ಆ ಮಾತನ್ನು ಹೇಳುವಾಗ ಮಾತ್ರ ಹೊನ್ನಿಯ ಬೆನ್ನು ನೆಟ್ಟಗಾಗುತ್ತದೆ. ಆದರೆ ವನಮಾಲಾಗೆ ಬೇಕಾದದ್ದು ವರ್ಷಕ್ಕೆ ಎರಡೇ ಚೀಲ.

ಇನ್ನು ಮುಂದೆ ಚೀಟಿ ಇದ್ದ ಹಾಗೇ ಒಯ್ದು ಕೊಡಬಹುದಲ್ಲ?

"ಕೊಡ್ತೆ," ಎನ್ನುತ್ತಾಳೆ. "ಎಂಜಲೇ ಬೇಕು ಅಂದ್ರೆ ಎಂಜಲೇ ಕೊಡ್ತೆ. ಆದ್ರೆ ಸಿಗೂಕೆ ಬೇಕಲ? ಚೀಟಿ ಇದ್ದದ್ದೆಲ್ಲ ಒಡೆಯರ ಬೆನ್ನ ಮೇಲೆ ಹೋತದೆ. ನಂಗೆ ಉಳೂದು ಮರಳಲ್ಲಿ ನೆಂದು ಚೀಟಿ ಹೋದದ್ದು, ಮತ್ತೆ ಚೂರು."

ಬಿಸಿಲು ಏರಿದೆ. ಚೂರಿನ ಡಬ್ಬ ತುಂಬಿದೆ, ಚೀಲದಲ್ಲಿ ಹದಿನಾಲ್ಕು ಬಾಟಲಿ. ಹೊನ್ನಿ ಕೌಂಟರಿನ ಮುಂದೆಯೇ ಹಾದು ಬಸ್ ನಿಲ್ದಾಣಕ್ಕೆ ಹೋಗಬೇಕು. ಈಗೀಗ ತಲೆ ಎತ್ತಿ ನೋಡುವುದಿಲ್ಲ. ಇವತ್ತು ಮಾತ್ರ ನಿಂತು, ಒಳಗಿದ್ದ ಸಾಯಿನಾಥನನ್ನು ಕೂಗುತ್ತಾಳೆ.

"ತಮ್ಮಾ, ಈ ಪಟ ಯಾವಾಗ ಇಳಿಸ್ತ್ರು?"

"ಮಳೆಗಾಲಕ್ಕೆ ಮುಂಚೆ ಅಂದಿದ್ರು. ಯಾಕೆ ಹೊನ್ನಕ್ಕಾ?"

"ಬಿಸಾಡ್ಬೇಡ, ನಂಗೆ ಕೊಡು. ಗಟ್ಟಿ ಉಂಟು. ಬಚ್ಚಲ ಮಾಡಿನ ಹೆಂಚು ಸೋರ್ತದೆ, ಅದಕ್ಕೆ ಹೊದಿಸ್ತೆ."

"ನಿಮ್ಮದೇ ಮೋರೆ ಮೇಲೆ ಮಳೆ ಹೊಯ್ಸೂದಾ?"

"ಇಲ್ಲಪ," ಎಂದು ಹೊನ್ನಿ ಚೀಲವನ್ನು ಇನ್ನೊಂದು ಹೆಗಲಿಗೆ ಬದಲಿಸುತ್ತಾಳೆ. "ಮೋರೆ ಒಳಬದಿಗೆ. ಹೊರಗೆ ನಿಂತದ್ದು ಸಾಕು."